ಪದಚರ್ಚೆ: ‘ಫೋಕಲ್ ರಿಡ್ಯೂಸರ್’ ತಗ್ಗಿಸುವುದು ಏನನ್ನು?

ಗೆಳೆಯರೇ,

ಕಿರುಚಿತ್ರ ಮಾಡುವ ಹುಡುಗರಿಗಾಗಿ ಕ್ಯಾಮೆರಾ ಕುರಿತ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಅದರ ಕನ್ನಡ ನೋಡಿಕೊಳ್ಳುವ ಹೊಣೆ ನನ್ನದು. ಕೆಲಸವೀಗ, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ‘ಫೋಕಲ್ ರಿಡ್ಯೂಸರ್’ ಎಂಬಲ್ಲಿ ಬಂದು ನಿಂತಿದೆ. ಕರಡು ಬರೆದವರಲ್ಲಿ ಒಬ್ಬರು ‘ನಾಭಿ ನ್ಯೂನಕ’ ಎಂದಿದ್ದಾರೆ, ಇನ್ನೊಬ್ಬರು ಅದೇ ಸಾಮಾನನ್ನು ‘ವೇಗವರ್ಧಕ’ ಎಂದಿದ್ದಾರೆ. ಹೀಗಾಗಿ ಒಂದೇ ವಸ್ತು ಒಂದು ಪುಟದಲ್ಲಿ ಏನನ್ನೋ ಕಡಿಮೆ ಮಾಡುತ್ತದೆ, ಮುಂದಿನ ಪುಟದಲ್ಲಿ ಏನನ್ನೋ ಹೆಚ್ಚಿಸುತ್ತದೆ. ಓದುವವರ ಪಾಡೇನು?

ವಸ್ತು ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ, ದೃಶ್ಯವನ್ನು ಕಣ್ಣಿಗೆ ತೋರಿಸುವ ಕನ್ನಡಿ ಫೋಟೊ ತೆಗೆಯುವಾಗ ಮೇಲೇಳಲು ಜಾಗ ಬೇಕು. ಆದ್ದರಿಂದ ಲೆನ್ಸು ಕೂರುವ ಲೋಹದ ಬಳೆಗೂ (ಅದೇ ಮೌಂಟು) ಫಿಲ್ಮು ಅಥವಾ ಸೆನ್ಸರಿಗೂ ನಡುವೆ ಅಂತರ ಹೆಚ್ಚು: ಕ್ಯಾನನ್ ಇಎಫ್ ಮೌಂಟಿನಲ್ಲಿ 44 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ಸೋನಿ ಇ ಮೌಂಟಿನಲ್ಲಿ ಬರೀ 18 ಮಿ.ಮೀ. ಇಎಫ್ ಲೆನ್ಸನ್ನು ಸೋನಿಗೆ ಹಾಕಬೇಕೆಂದರೆ ಮಿಕ್ಕ 26 ಮಿ.ಮೀ.ಗೆ ಒಂದು ಟೊಳ್ಳು ಕೊಳವೆ ಸಾಕು. ಅದೇ ಸಾದಾ ಅಡಾಪ್ಟರ್. ಆ ಟೊಳ್ಳಿನಲ್ಲಿ, ಒಟ್ಟಾರೆ ಪೀನ ಮಸೂರದಂತೆ ಕೆಲಸ ಮಾಡುವ ಮಸೂರಗಳ ಒಂದು ಗುಂಪನ್ನು ಕೂರಿಸಿದರೆ ಅದು ಫೋಕಲ್ ರಿಡ್ಯೂಸರ್.

ಗಾಜಿನ ಕೆಲಸ ಇಷ್ಟೇ. ಫುಲ್‌ಫ್ರೇಮ್ ಲೆನ್ಸು ಮೂಡಿಸುವ ಬಿಂಬ 36×24 ಮಿ.ಮೀ. ಚೌಕಟ್ಟನ್ನು ತುಂಬಬೇಕು, ಅಂದರೆ ಕನಿಷ್ಠ 43 ಮಿ.ಮೀ. ಅಗಲದ ಒಂದು ಬೆಳಕಿನ ವೃತ್ತ ಬೇಕು. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಮೂಲೆಯಿಂದ ಮೂಲೆಗೆ 28 ಮಿ.ಮೀ. ಆಸುಪಾಸು. ಸಾದಾ ಅಡಾಪ್ಟರ್ ಹಾಕಿದರೆ ವೃತ್ತದ ಅಂಚೆಲ್ಲ ಸೆನ್ಸರಿನ ಆಚೆ ಬಿದ್ದು ಹಾಳಾಗುತ್ತದೆ. ಬಿಂಬವನ್ನು 0.71 ಪಟ್ಟಿಗೆ ಕುಗ್ಗಿಸುವ ರಿಡ್ಯೂಸರ್ ಇಟ್ಟರೆ ಆ 43ರ ವೃತ್ತ 31ಕ್ಕೆ ಇಳಿಯುತ್ತದೆ. ಬೆಳಕು ಅಷ್ಟೇ, ಅದು ಹರಡಿಕೊಳ್ಳುವ ಜಾಗ ಮಾತ್ರ ಅರ್ಧ. ಹಾಗಾಗಿ ಸೆನ್ಸರಿನ ಒಂದೊಂದು ಚುಕ್ಕೆಗೂ ಇಮ್ಮಡಿ ಬೆಳಕು. 50 ಎಂಎಂ ಎಫ್ 1.4 ಲೆನ್ಸು ಈಗ 35.5 ಎಂಎಂ ಎಫ್ 1.0 ಆಗಿ ಕೆಲಸ ಮಾಡುತ್ತದೆ (ಎಫ್ ಸಂಖ್ಯೆ ಇಳಿದಷ್ಟೂ ಬೆಳಕು ಹೆಚ್ಚು). ಅಡಾಪ್ಟರಿನಲ್ಲಿ ಎಲೆಕ್ಟ್ರಾನಿಕ್ ಚಿಪ್ ಇದ್ದರೆ ಕ್ಯಾಮೆರಾದ ಪರದೆಯ ಮೇಲೂ 1.0 ಎಂದೇ ಬರುತ್ತದೆ. ಮೊದಲ ಸಲ ನೋಡಿದವರು ಯಂತ್ರ ಕೆಟ್ಟಿದೆ ಎಂದುಕೊಳ್ಳುವುದು ಸಹಜ, ಲೆನ್ಸಿನ ಮೈಮೇಲೆ 1.4 ಎಂದು ಕೊರೆದಿದೆಯಲ್ಲ!

ಈಗ ಪದಗಳಿಗೆ ಬರೋಣ.

‘ವೇಗವರ್ಧಕ’ ನನಗೆ ಒಪ್ಪಿಗೆಯಿಲ್ಲ. ಅದು ಬಂದದ್ದು ‘ಸ್ಪೀಡ್ ಬೂಸ್ಟರ್’ನಿಂದ. 2013ರ ಜನವರಿಯಲ್ಲಿ ಮೆಟಾಬೋನ್ಸ್ ಕಂಪನಿ, ಲೆನ್ಸು ವಿನ್ಯಾಸಕ ಬ್ರಯಾನ್ ಕಾಲ್ಡ್‌ವೆಲ್ ಜೊತೆಗೂಡಿ, ಈ ಹೆಸರಿನ ಅಡಾಪ್ಟರನ್ನು ಪ್ರಕಟಿಸಿತು. ಆಮೇಲೆ ಯಾವ ಕಂಪನಿಯದೇ ಆಗಲಿ, ಜನರ ಬಾಯಲ್ಲಿ ಅದು ಸ್ಪೀಡ್ ಬೂಸ್ಟರ್. ಜೆರಾಕ್ಸ್ ಹೋದ ದಾರಿಯಲ್ಲೇ ಇದೂ ಹೋಯಿತು. ಇಲ್ಲಿನ ‘ಸ್ಪೀಡ್’ ಓಟದ್ದಲ್ಲ. ದ್ಯುತಿರಂಧ್ರ ದೊಡ್ಡದಿದ್ದರೆ ಶಟರನ್ನು ಬೇಗ ಮುಚ್ಚಬಹುದು, ಅದಕ್ಕೆ ಅಂಥದ್ದು ‘ಫಾಸ್ಟ್’ ಲೆನ್ಸು. ಕನ್ನಡದಲ್ಲಿ ‘ವೇಗದ ಲೆನ್ಸು’ ಎಂದರೆ ಫೋಕಸ್ ಬೇಗ ಹಿಡಿಯುವ ಲೆನ್ಸು ಎಂದೇ ಯಾರಾದರೂ ತಿಳಿಯುತ್ತಾರೆ. ಸಾಲದ್ದಕ್ಕೆ ‘ವೇಗವರ್ಧಕ’ವನ್ನು ರಸಾಯನಶಾಸ್ತ್ರದವರು ಆಗಲೇ ತಮ್ಮದು ಮಾಡಿಕೊಂಡಿದ್ದಾರೆ.

‘ನಾಭಿ ನ್ಯೂನಕ’ದ ತೊಂದರೆ ಬೇರೆ. ಫೋಕಲ್ ಲೆಂಗ್ತಿಗೆ ಹಿಂದಿನ ಪುಸ್ತಕಗಳಲ್ಲಿದ್ದ ‘ನಾಭಿದೂರ’ ಈಗಿನ ಶಾಲಾ ಪಠ್ಯದಲ್ಲಿ ‘ಸಂಗಮ ದೂರ’ ಆಗಿದೆ. ಹುಡುಗರಿಗೆ ನಾಭಿ ಎಂದರೆ ಹೊಕ್ಕುಳು ಮಾತ್ರ. ಅದಿರಲಿ, ಹೊಸ ಪದ ಕಲಿಸಬಹುದು. ಆದರೆ ಇಂಗ್ಲಿಷಿನಲ್ಲೇ ಈ ಹೆಸರು ಅರ್ಧ ನುಂಗಿದ ಹೆಸರು. ತಗ್ಗುವುದು ‘ಫೋಕಲ್’ ಅಲ್ಲ, ಫೋಕಲ್ ಲೆಂಗ್ತ್. ನಾವೂ ‘ದೂರ’ವನ್ನು ನುಂಗಿದರೆ, ಫೋಕಸ್ ಕಡಿಮೆ ಮಾಡುವ, ಅಂದರೆ ಚಿತ್ರ ಮಸುಕು ಮಾಡುವ ಸಾಧನ ಎಂಬ ಅರ್ಥ ಬರುತ್ತದೆ. ನ್ಯೂನ ಎಂದರೆ ಊನ ಎಂಬ ಛಾಯೆ ಬೇರೆ ಸೇರಿಕೊಳ್ಳುತ್ತದೆ. ಇಂಥ ಹೆಸರಿಟ್ಟರೆ ದುಡ್ಡು ಕೊಟ್ಟು ಯಾರು ಕೊಂಡಾರು?

‘ರಿಡ್ಯೂಸರ್’ ಅನ್ನು ಹಾಗೇ ಉಳಿಸಿಕೊಂಡರೆ ಏನು ಎಂಬುದು ನನ್ನ ಮೊದಲ ಪ್ರಶ್ನೆ. ಈ ಪದ ಕನ್ನಡಕ್ಕೆ ಹೊಸದಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒಂದಿಂಚಿಂದ ಮುಕ್ಕಾಲಿಂಚಿಗೆ ರೆಡ್ಯೂಸರ್ ಕೊಡಿ’ ಎನ್ನುವ ಪ್ಲಂಬರಿಗೆ ಅದು ಅಚ್ಚ ಕನ್ನಡವೇ. ಎರಡು ತುದಿಗೆ ಎರಡು ಅಳತೆ, ನಡುವೆ ಜೋಡಿಸುವ ಒಂದು ತುಂಡು. ಕ್ಯಾಮೆರಾದ ರಿಡ್ಯೂಸರಿಗೂ ಇದೇ ಲಕ್ಷಣ. ಖಗೋಳದವರಂತೂ ಛಾಯಾಗ್ರಾಹಕರಿಗಿಂತ ಬಹಳ ಮೊದಲೇ ಇದನ್ನು ಬಳಸುತ್ತಿದ್ದಾರೆ. ಎಫ್ 10ರ ದೂರದರ್ಶಕಕ್ಕೆ 0.63ರ ರಿಡ್ಯೂಸರ್ ಸಿಕ್ಕಿಸಿ ಎಫ್ 6.3 ಮಾಡಿಕೊಳ್ಳುವುದು ಹವ್ಯಾಸಿಗಳಲ್ಲಿ ಮಾಮೂಲು. ಹೊಸಕೋಟೆಯ ಕ್ರೆಸ್ಟ್ ಕೇಂದ್ರದಿಂದ ನಡೆಸುವ, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದ ಎಚ್‌ಎಫ್‌ಒಎಸ್‌ಸಿ ಎಂಬ, ಆಕಾಶಕಾಯಗಳ ಚಿತ್ರವನ್ನೂ ರೋಹಿತವನ್ನೂ ದಾಖಲಿಸುವ ಉಪಕರಣವೂ ಫೋಕಲ್ ರಿಡ್ಯೂಸರ್ ಜಾತಿಯದೇ. ಖಗೋಳದ ಬಗ್ಗೆ ಕನ್ನಡದಲ್ಲಿ ಬರೆಯುವವರು ಈ ಬಳಗದಲ್ಲಿ ಇದ್ದಾರೆ. ನೀವು ಇದಕ್ಕೆ ಏನು ಬಳಸಿದ್ದೀರಿ?

ಕನ್ನಡ ಪದವೇ ಬೇಕು ಎಂದಾದರೆ, ಹೆಸರನ್ನು ನಾಭಿಯಿಂದಲ್ಲ, ಬಿಂಬದಿಂದ ಕಟ್ಟಬೇಕು ಎನ್ನುವುದು ನನ್ನ ವಾದ. ಆ ಗಾಜು ನಿಜಕ್ಕೂ ಮಾಡುವುದು ಬಿಂಬ ಕುಗ್ಗಿಸುವ ಕೆಲಸ. ಸಂಗಮ ದೂರ ತಗ್ಗುವುದು, ಬೆಳಕು ಏರುವುದು ಎರಡೂ ಅದರ ಹಿಂದೆ ಬರುತ್ತವೆ. ‘ಬಿಂಬಕುಗ್ಗುಕ’ ಎಂದರೆ ನಾಲಿಗೆ ತೊಡರುತ್ತದೆ, ‘ಬಿಂಬಸಂಕೋಚಕ’ ಸ್ವಲ್ಪ ಭಾರ, ಆದರೂ ಅರ್ಥ ನೆಟ್ಟಗಿದೆ. ಇದರ ತದ್ವಿರುದ್ಧ ಸಾಧನ ಟೆಲಿಕನ್ವರ್ಟರ್. ಅದರಲ್ಲಿರುವುದು ನಿಮ್ನ ಗುಂಪು, ಬಿಂಬವನ್ನು ಹಿಗ್ಗಿಸುತ್ತದೆ, 1.4 ಪಟ್ಟಿನದಾದರೆ ಬೆಳಕು ಅರ್ಧವಾಗುತ್ತದೆ. ಹಿಗ್ಗು–ಕುಗ್ಗು ಜೋಡಿಯಾಗಿ ಬರುವುದರಿಂದ ಒಂದನ್ನು ಕಲಿತರೆ ಇನ್ನೊಂದು ತಾನಾಗಿ ತಿಳಿಯುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಒಂದು ಪುಟ್ಟ ಕ್ರಿಯಾಪದ. ‘50 ಎಂಎಂ ಲೆನ್ಸು ಕ್ರಾಪ್ ಕ್ಯಾಮೆರಾದಲ್ಲಿ 75 ಆಗುತ್ತೆ’, ‘50 ಎಂಎಂ ಲೆನ್ಸು ಬೂಸ್ಟರ್ ಹಾಕಿದ್ರೆ 35 ಆಗುತ್ತೆ’. ಎರಡೂ ದಿನನಿತ್ಯದ ಮಾತುಗಳೇ. ಆದರೆ ಮೊದಲನೆಯದರಲ್ಲಿ ಏನೂ ಆಗಿಲ್ಲ. ಲೆನ್ಸು 50 ಆಗಿಯೇ ಇದೆ, ಚಿಕ್ಕ ಸೆನ್ಸರು ಬಿಂಬದ ಅಂಚು ಕತ್ತರಿಸಿದ್ದರಿಂದ ನೋಟ ಕಿರಿದಾಗಿ, ಫುಲ್‌ಫ್ರೇಮಿನಲ್ಲಿ 75 ತೋರಿಸುವಷ್ಟೇ ಕಾಣುತ್ತದೆ. ಎರಡನೆಯದರಲ್ಲಿ ಲೆನ್ಸೂ ಗಾಜೂ ಸೇರಿದ ಜೋಡಿಯ ಸಂಗಮ ದೂರ ನಿಜವಾಗಿ 35.5 ಆಗಿದೆ. ಇವೆರಡನ್ನೂ ‘ಆಗು’ ಎಂದರೆ ಮೂರನೇ ಹೆಜ್ಜೆಯಲ್ಲಿ ಎಡವುತ್ತೇವೆ. ಆ 35.5 ಅನ್ನು ಎಪಿಎಸ್-ಸಿಯ ಕ್ರಾಪ್ ಗುಣಕ 1.5ರಿಂದ ಗುಣಿಸಿದರೆ ಸುಮಾರು 53. ‘50 ಅನ್ನು 35 ಮಾಡಿ ಮತ್ತೆ 53 ಮಾಡುತ್ತದೆ’ ಎಂದು ಕರಡಿನಲ್ಲಿದೆ, ಓದಿದರೆ ಮಂತ್ರವಾದಿಯ ಕೆಲಸದಂತಿದೆ! ‘35.5 ಆಗುತ್ತದೆ, 53ರಂತೆ ಕಾಣುತ್ತದೆ’ ಎಂದು ತಿದ್ದಿದ್ದೇನೆ. ಕೈಪಿಡಿಯ ಉದ್ದಕ್ಕೂ ‘ಆಗು’, ‘ಕಾಣು’ಗಳನ್ನು ಹೀಗೇ ಬೇರ್ಪಡಿಸುವ ಆಸೆ. ಸೆಟ್ಟಿನಲ್ಲಿ ಆಡುವ ಮಾತಿಗೆ ಇದು ತೀರಾ ದೂರವಾಯಿತು ಅನ್ನಿಸುತ್ತದೆಯೇ?

ಇದೇ ತೆರದಲ್ಲಿ ‘ಲೆನ್ಸು’, ‘ಮಸೂರ’ ಎರಡನ್ನೂ ಇಟ್ಟುಕೊಂಡಿದ್ದೇನೆ. ಒಂದೊಂದು ಗಾಜಿಗೆ ಮಸೂರ, ಹಲವು ಮಸೂರಗಳನ್ನು ತುಂಬಿಕೊಂಡ ಇಡೀ ಕೊಳವೆಗೆ ಲೆನ್ಸು. ‘ಲೆನ್ಸಿನ ಹಿಂದೆ ಮಸೂರಗಳಿರುತ್ತವೆ’ ಎಂದು ಸಲೀಸಾಗಿ ಬರೆಯಬಹುದು. ಶುದ್ಧ ಕನ್ನಡದ ಹಟಕ್ಕೆ ಬಿದ್ದು ‘ಮಸೂರದ ಹಿಂದೆ ಮಸೂರ’ ಎಂದರೆ ಕೆಟ್ಟೆವು.

‘ಸ್ಟಾಪ್’ ಬಗ್ಗೆಯೂ ಒಂದು ಮಾತು. 0.71ರ ಗಾಜಿನಿಂದ ಒಂದು ಸ್ಟಾಪ್ ಲಾಭ. ಯಂತ್ರಾನುವಾದ ಇದನ್ನು ‘ಒಂದು ನಿಲುಗಡೆ’ ಮಾಡಿ ಬಸ್ಸು ಹತ್ತಿಸಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ತೂತು ಕೊರೆದ ಲೋಹದ ತಗಡನ್ನು ಲೆನ್ಸಿಗೆ ಸಿಕ್ಕಿಸಿ ಬೆಳಕು ತಡೆಯುತ್ತಿದ್ದರು, ಆ ತಗಡೇ ಸ್ಟಾಪು. ಈಗ ಅದು ಇಮ್ಮಡಿ ಅಥವಾ ಅರ್ಧ ಎಂಬ ಲೆಕ್ಕದ ಹೆಸರು. ‘ಬೆಳಕು ಇಮ್ಮಡಿ’, ಎರಡು ಸ್ಟಾಪಿಗೆ ‘ನಾಲ್ಮಡಿ’ ಎಂದು ವಿವರಣೆಯಲ್ಲಿ ಬರೆದು, ಸ್ಟಾಪನ್ನೂ ಪಕ್ಕದಲ್ಲಿ ಇಡುತ್ತಿದ್ದೇನೆ. ಮೈಕ್ರೋ ಫೋರ್ ಥರ್ಡ್ಸ್‌ ಎಂಬ ಇನ್ನೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆಂದೇ ಬರುವ 0.64ರದ್ದರಲ್ಲಿ ಲಾಭ ಒಂದು ಸ್ಟಾಪು ಮತ್ತು ಮೂರನೇ ಒಂದು. ಅಲ್ಲಿ ಮಡಿಯ ಲೆಕ್ಕ ಕೈಕೊಡುತ್ತದೆ, ಸ್ಟಾಪೇ ಗತಿ.

ಕೊನೆಯದಾಗಿ, ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ, ಅಥವಾ ಛಾಯಾಗ್ರಹಣ ಘಟಕದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಗಾಜಿಲ್ಲದ ಟೊಳ್ಳು ಅಡಾಪ್ಟರಿಗೂ ಗಾಜಿರುವ ಇದಕ್ಕೂ ಅಲ್ಲಿ ಬೇರೆ ಬೇರೆ ಕರೆಹೆಸರು ಇದೆಯೇ? ಚೀಟಿಯಲ್ಲಿ ಬರೀ ‘ಅಡಾಪ್ಟರ್’ ಎಂದಿದ್ದರೆ ಯಾವುದನ್ನು ಕಟ್ಟಿಕೊಡುತ್ತಾರೆ? ಹುಡುಗರ ಬಾಯಲ್ಲಿ ಈಗಾಗಲೇ ಒಂದು ಪದ ಓಡಾಡುತ್ತಿದ್ದರೆ, ಬಿಂಬಸಂಕೋಚಕವನ್ನು ನಾನೇ ಹೊಡೆದುಹಾಕುತ್ತೇನೆ.