ಮನೆಗೆ ನೀರು ನುಗ್ಗುತ್ತದೆ, ಕರೆಂಟ್ ಭಯ: ಅನುಭವ ಇದ್ದವರು ಹೇಳಿ

ಪ್ರಶ್ನೆ (ಹೊರಮಾವು, ಬೆಂಗಳೂರು): ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಜೋರು ಮಳೆಯಾದರೆ ಮೊಣಕಾಲುದ್ದ ನೀರು. ಪ್ಲಗ್ ಪಾಯಿಂಟ್‌ಗಳು ನೆಲದಿಂದ ಒಂದೇ ಅಡಿ ಮೇಲಿವೆ, ಇನ್ವರ್ಟರ್ ನೆಲದ ಮೇಲೇ ಇದೆ. ಮಳೆಗಾಲಕ್ಕೆ ಮುಂಚೆ ಏನು ಮಾಡಿಸಲಿ?

ಗೋಕಾಕದಿಂದ: 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮನೆಯೊಳಗೆ ಬಂದಾಗ ಮೀಟರ್ ಬೋರ್ಡ್ ಪೂರ್ತಿ ಮುಳುಗಿತ್ತು. ನೀರಿಳಿದ ಮೇಲೆ ಎಲೆಕ್ಟ್ರಿಷಿಯನ್ "ಒಣಗಿದೆ, ಮೇನ್ ಹಾಕಿ" ಎಂದ. ನಾನು ಬಿಡಲಿಲ್ಲ, ಮೆಗ್ಗರ್ (ವೈರಿನಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೀಟರ್) ಹಿಡಿಸಿದೆ. ಅಡುಗೆಮನೆ ಲೈನ್‌ನಲ್ಲಿ ಕರೆಂಟ್ ಲೀಕ್ ಇತ್ತು! ಪೈಪಿನೊಳಗೆ ಕೆಸರು ಗಟ್ಟಿಯಾಗಿ ವೈರ್ ಎಳೆದರೂ ಬರಲಿಲ್ಲ, ಗೋಡೆ ಒಡೆಸಿದೆವು. ವೈರ್ 11,400, ಕೂಲಿ 9,000, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಸ್ವಿಚ್ಚು, ಸಾಕೆಟ್ಟು ಎಲ್ಲ ಹೊಸದು 6,850, ಪ್ಲಾಸ್ಟರ್ 4,200. ಪೇಂಟ್ ಬೇರೆ. ಈಗ ಬೋರ್ಡ್‌ಗಳೆಲ್ಲ ಎದೆಮಟ್ಟಕ್ಕಿವೆ, ವೈರ್ ಮೇಲಿಂದ ಇಳಿದಿದೆ. ನೋಡಲು ಚೆಂದ ಇಲ್ಲ ಎಂದು ಬೀಗರು ಅಂದರು. ಅನ್ನಲಿ.

ವೈಟ್‌ಫೀಲ್ಡ್‌ನಿಂದ: ಇಷ್ಟೆಲ್ಲ ಯಾಕೆ? 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಟ್ ಮಾಡುವ ಸ್ವಿಚ್ಚು) ಒಂದು ಸಾಕು. ನನಗೆ 2,650 ಆಯಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ನೀರು ಸಾಕೆಟ್ ಮುಟ್ಟಿದ ಕೂಡಲೇ ಟಪ್ ಅಂತ ಬಿತ್ತು. ಮಕ್ಕಳು ಅದೇ ರೂಮಿನಲ್ಲಿದ್ದರು.

ವೈರಿಂಗ್ ಕೆಲಸದವ: "ಸಾಕು" ಅನ್ನಬೇಡಿ ಸರ್. ಇನ್ವರ್ಟರ್ ಲೈನ್ ಕಥೆ ಏನು? ಮೇನ್ ಬಿದ್ದ ಮೇಲೂ ಬ್ಯಾಟರಿಯಿಂದ ಅದೇ 230 ವೋಲ್ಟ್ ಬರುತ್ತದೆ. ಫ್ಯಾನ್ ತಿರುಗುತ್ತಿದೆ ಅಂದರೆ ಗೋಡೆಯಲ್ಲಿ ಕರೆಂಟ್ ಇದೆ ಅಂತಲೇ ಲೆಕ್ಕ. ಹಳೇ ಮನೆಗಳಲ್ಲಿ ಬೇರೆ ಬೇರೆ ಲೈನ್‌ಗಳ ನ್ಯೂಟ್ರಲ್‌ಗಳನ್ನು (ಕರೆಂಟ್ ವಾಪಸ್ ಹೋಗುವ ವೈರ್) ಒಂದಕ್ಕೊಂದು ಸೇರಿಸಿರುತ್ತಾರೆ. ಅದರಿಂದ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಮನೆಯವರೇ ಅದನ್ನು ಬೈಪಾಸ್ ಮಾಡಿಸುತ್ತಾರೆ. ಒಂದು ಮನೆಯಲ್ಲಿ ಅದರ ಟೆಸ್ಟ್ ಬಟನ್ ಒತ್ತಿದರೆ ಲಿವರ್ ಅಲ್ಲಾಡಲೇ ಇಲ್ಲ, ಅಂದರೆ ಅದು ಕೆಲಸವೇ ಮಾಡುತ್ತಿರಲಿಲ್ಲ.

ವೈಟ್‌ಫೀಲ್ಡ್‌ನಿಂದ: ನಿಮಗೆ ಕೆಲಸ ಸಿಗಬೇಕಲ್ವಾ, ಅದಕ್ಕೇ ಹೆದರಿಸುತ್ತೀರಿ.

ವೈರಿಂಗ್ ಕೆಲಸದವ: 2025ರ ಮೇ ತಿಂಗಳಲ್ಲಿ ಬಿಟಿಎಂ ಕಡೆ ಅಪಾರ್ಟ್‌ಮೆಂಟ್‌ಗೆ ನುಗ್ಗಿದ ನೀರನ್ನು ಪಂಪ್ ಹಾಕಿ ತೆಗೆಯುವಾಗ ಶಾಕ್ ಹೊಡೆದು ಇಬ್ಬರು ಹೋದರು. ಒಬ್ಬ ಚಿಕ್ಕ ಹುಡುಗ. ಇದನ್ನು ಹೇಳಿದರೆ ವ್ಯಾಪಾರನಾ?

ಉಡುಪಿಯಿಂದ: ಜಗಳ ಸಾಕು ಮಾರಾಯ್ರೆ. 2020ರ ಸೆಪ್ಟೆಂಬರ್ ನೆರೆಯಲ್ಲಿ ನೀರು ಅಂಗಳಕ್ಕೆ ಬಂದಾಗಲೇ ನಾವು ಮೇನ್ ಆಫ್ ಮಾಡಿದೆವು, ಇನ್ವರ್ಟರ್ ಕೂಡ. ಕಾಲು ನೀರಲ್ಲಿಟ್ಟು ಮೇನ್ ಮುಟ್ಟುವ ಮಾತೇ ಇಲ್ಲ. ತಡವಾದರೆ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ಕಟ್ ಮಾಡಿಸಬೇಕು. ಫ್ರಿಜ್ ಹೋಯಿತು, 23,000ದ್ದು. ಹೋಗಲಿ.

ಬಾಡಿಗೆದಾರ, ಮಹದೇವಪುರ: ಇದೆಲ್ಲ ಸ್ವಂತ ಮನೆಯವರ ಮಾತು. ನಾನು 7,300 ಕೊಟ್ಟು ಸಾಕೆಟ್ ಮೇಲೆತ್ತಿಸಿದೆ. ಖಾಲಿ ಮಾಡುವಾಗ ಗೋಡೆ ಹಾಳು ಎಂದು ಓನರ್ ಅಡ್ವಾನ್ಸ್‌ನಲ್ಲಿ 5,000 ಹಿಡಿದುಕೊಂಡರು.

ಮನೆ ಮಾಲೀಕ: ಕೇಳದೆ ಗೋಡೆ ಕೊರೆದರೆ ಹಿಡಿಯದೆ ಇನ್ನೇನು?

ಬಾಡಿಗೆದಾರ, ಮಹದೇವಪುರ: ನಮ್ಮ ಓನರ್‌ಗೆ ವಾಟ್ಸಾಪ್‌ನಲ್ಲಿ ಕೇಳಿದ್ದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಹೆಂಡತಿ ಸಾಕೆಟ್ ಮುಟ್ಟಿ ಬೀಳುವ ತನಕ ಕಾಯಬೇಕಿತ್ತಾ?

ಮನೆ ಮಾಲೀಕ: ನನ್ನ ಮನೆಯಲ್ಲಿ ಹಿಂದಿನ ಬಾಡಿಗೆದಾರರು ಅರ್ಥ್ ವೈರನ್ನೇ ಕಿತ್ತು ಎಸಿಗೆ ಲೈನ್ ಎಳೆದಿದ್ದರು. ಸರಿ ಮಾಡಿಸಲು 14,000. ಅದನ್ನು ಯಾರು ಕೊಡುತ್ತಾರೆ?

ಪ್ರಶ್ನೆ ಕೇಳಿದವರು: ಇನ್ವರ್ಟರ್ ಎಲ್ಲಿಡಲಿ ಅಂತ ಯಾರಾದರೂ ಹೇಳಿ, ಪ್ಲೀಸ್.

ವೈರಿಂಗ್ ಕೆಲಸದವ: ನೀರು ಬರುವ ಮಟ್ಟಕ್ಕಿಂತ ಮೇಲೆ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಬ್ಯಾಟರಿ ಭಾರ ಜಾಸ್ತಿ, ಸ್ಟ್ಯಾಂಡನ್ನು ಗೋಡೆಗೆ ಬೋಲ್ಟ್ ಹಾಕಿಸಿ. ಗಾಳಿ ಆಡುವ ಜಾಗ ಇರಲಿ. ಬಾಡಿಗೆ ಮನೆ ಅಂದಿರಲ್ಲ, ಬೋಲ್ಟ್‌ಗೆ ಮೊದಲೇ ಓನರ್ ಹತ್ತಿರ ಬರೆಸಿಕೊಳ್ಳಿ.