ಭಾಮಾಕಲಾಪದಲ್ಲಿ ಮುಖಕ್ಕಿಂತ ಮೊದಲು ಜಡೆ ಕಾಣುವುದೇಕೆ?

ಪ್ರಶ್ನೆ: ಕೂಚಿಪುಡಿ ನೃತ್ಯದ ಭಾಮಾಕಲಾಪವೆಂಬ ನೃತ್ಯನಾಟಕದಲ್ಲಿ ಸತ್ಯಭಾಮೆಯ ಮುಖ ಕಾಣುವ ಮೊದಲೇ ಆಕೆಯ ನೀಳವಾದ ಜಡೆಯನ್ನು ತೆರೆಯ ಮೇಲಿಂದ ಇಳಿಬಿಡುವುದನ್ನು ಕಂಡೆ. ಇದರ ಅರ್ಥವೇನು? ಆ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರೆಂಬುದು ನಿಜವೇ?

ಉತ್ತರ 1: ಆ ಜಡೆಯೇ ಒಂದು ಸವಾಲು. ಕಲೆಯಲ್ಲಿ ತನ್ನನ್ನು ಸೋಲಿಸಬಲ್ಲವರು ಸಭೆಯಲ್ಲಿದ್ದರೆ ಅದನ್ನು ಕತ್ತರಿಸಿಕೊಳ್ಳುತ್ತೇನೆಂದು ಪಾತ್ರಧಾರಿ ಹೂಡುವ ಪಂಥವೆಂದು ಪರಂಪರೆಯವರು ವಿವರಿಸುತ್ತಾರೆ. ಭಾಮೆಯ ಗರ್ವಕ್ಕೆ ಇದಕ್ಕಿಂತ ತಕ್ಕ ಪ್ರವೇಶ ನನಗಂತೂ ತೋಚದು.

ಉತ್ತರ 2: ಗಂಡಸರ ವಿಷಯ ನಿಜ. ಆಂಧ್ರದ ಕೃಷ್ಣಾ ಜಿಲ್ಲೆಯ ಕೂಚಿಪುಡಿ ಗ್ರಾಮದ ಬ್ರಾಹ್ಮಣ ಕುಟುಂಬಗಳ ಪುರುಷರೇ, ನಮ್ಮ ಯಕ್ಷಗಾನದಲ್ಲಿರುವಂತೆ, ಸ್ತ್ರೀವೇಷ ಧರಿಸುತ್ತಿದ್ದರು. ವೇದಾಂತಂ ಸತ್ಯನಾರಾಯಣ ಶರ್ಮರ ಭಾಮೆ ಬಹಳ ಹೆಸರುವಾಸಿ. 1963ರಲ್ಲಿ ಮದರಾಸಿನಲ್ಲಿ ಕೂಚಿಪುಡಿ ಆರ್ಟ್ ಅಕಾಡೆಮಿ ಸ್ಥಾಪಿಸಿದ ಗುರು ವೆಂಪಟಿ ಚಿನ್ನಸತ್ಯಂ ಅವರು ಅನೇಕ ಹೆಣ್ಣುಮಕ್ಕಳನ್ನು ತರಬೇತುಗೊಳಿಸಿದರು. ಇಂದು ರಂಗದ ಮೇಲೆ ಹೆಂಗಸರೇ ಹೆಚ್ಚು.