ಬೈಪಾಸ್ ಆದವರ ಮೇಲೆ ಥೀಸಿಸ್: ತಿಳಿವಳಿಕೆ ಬಿಟ್ಟು ಬೇರೇನು ಅಳೆಯಬಹುದು?

ನೈಟ್‌ಡ್ಯೂಟಿ_ಹಾವೇರಿ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ನರ್ಸಿಂಗ್ ಮೊದಲ ವರ್ಷ, ಮೆಡಿಕಲ್ ಸರ್ಜಿಕಲ್. ಮುಂದಿನ ತಿಂಗಳು ಸಿನಾಪ್ಸಿಸ್, ಅಂದರೆ ಥೀಸಿಸ್‌ನ ರೂಪರೇಖೆ, ಕೊಡಬೇಕು. ಓದಲು ಬರುವ ಮುಂಚೆ ಮೂರು ವರ್ಷ ಹೃದಯದ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ, ಹಾಗಾಗಿ ಬೈಪಾಸ್ ಆದವರ ಮೇಲೆಯೇ ಮಾಡೋಣ ಅಂತ ಆಸೆ. ಗೈಡ್ ಮೇಡಂ ಹೇಳೋದು, "ಆಪರೇಷನ್ ನಂತರದ ಆರೈಕೆ ಬಗ್ಗೆ ರೋಗಿಗಳ ತಿಳಿವಳಿಕೆ" ಅಂತ ತಗೋ, 60 ಸ್ಯಾಂಪಲ್, ಪ್ರೀಟೆಸ್ಟ್, ಒಂದು ಟೀಚಿಂಗ್ ಪ್ರೋಗ್ರಾಂ, ಏಳನೇ ದಿನ ಪೋಸ್ಟ್‌ಟೆಸ್ಟ್, ಮುಗೀತು.

ನನಗೆ ಯಾಕೋ ಮನಸ್ಸು ಒಪ್ತಿಲ್ಲ. ಒಂದು ಘಟನೆ ಹೇಳ್ತೇನೆ. ಐವತ್ತು ದಾಟಿದ ಒಬ್ಬ ತಾಯಿ, ಡಿಸ್ಚಾರ್ಜ್ ದಿನ ನಾನು ಕೇಳಿದ್ದಕ್ಕೆಲ್ಲ ಪಟಪಟ ಅಂತ ಸರಿ ಉತ್ತರ ಕೊಟ್ಟಿದ್ದರು. ಕೆಮ್ಮುವಾಗ ದಿಂಬು ಎದೆಗೆ ಅವಚಿಕೊಳ್ಳಬೇಕು, ಭಾರ ಎತ್ತಬಾರದು, ಏಳುವಾಗ ಕೈ ಊರಬಾರದು, ಎಲ್ಲ. ಇಪ್ಪತ್ತು ದಿನಕ್ಕೆ ವಾಪಸ್ ಬಂದರು, ಎದೆಯ ಗಾಯ ಬಿಟ್ಟುಕೊಂಡು ಸೋರುತ್ತಿತ್ತು. ಕೊಡ ಎತ್ತಿದ್ದಾರೆ. "ಹೇಳಿದ್ದೆ ಅಲ್ವಾ ಅಮ್ಮ" ಅಂದೆ. "ಗೊತ್ತಿತ್ತವ್ವಾ, ಆದ್ರ ನಳಾ ಬರೂದ ಎಂಟು ದಿನಕ್ಕೊಮ್ಮೆ, ನೀರು ಹಿಡಿಯೋರು ಯಾರು?" ಅಂದರು.

ಆ ತಾಯಿ ಪೋಸ್ಟ್‌ಟೆಸ್ಟ್ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು. ಹಾಗಾದರೆ ಅಳೆಯಬೇಕಾದ್ದು ಏನು? ಮನೆಗೆ ಹೋದ ಮೇಲೆ ಅವರು ಹೇಗಿದ್ದಾರೆ, ಮನಸ್ಸು ಹೇಗಿದೆ ಅಂತ ನೋಡಬೇಕು ಅಂದರೆ ಯಾವ ಸ್ಕೇಲ್ (ಅಂಕ ಕೊಟ್ಟು ಅಳೆಯುವ ಪ್ರಶ್ನಾವಳಿ) ತಗೊಳ್ಳಲಿ? ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿದರೆ ಆಗುತ್ತಾ?

ಚಾಕ್‌ಪೀಸ್_ಸಿಸ್ಟರ್:
ತಂಗಿ, ನಿಮ್ಮ ಮೇಡಂ ಹೇಳಿದ ಥರದ ಥೀಸಿಸ್ ನಮ್ಮ ಲೈಬ್ರರಿಯಲ್ಲಿ ಕಪಾಟು ತುಂಬ ಇವೆ. ಹೇಳಿಕೊಟ್ಟ ಏಳು ದಿನಕ್ಕೆ ಅದೇ ಪ್ರಶ್ನೆ ಕೇಳಿದರೆ ಅಂಕ ಏರದೆ ಇನ್ನೇನಾಗುತ್ತೆ? ನಾನೂ ಹಾಗೇ ಮಾಡಿ ಪಾಸಾದವಳೇ ಬಿಡಿ.

ಆದರೆ ಫೋನ್ ಮಾಡುವ ವಿಷಯದಲ್ಲಿ ಸ್ವಲ್ಪ ನಿಧಾನ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಅಂತ ಸಂಶೋಧಕಿ ಇದನ್ನೇ ಮಾಡಿದ್ದರು. ಹಾರ್ಟ್ ಅಟ್ಯಾಕ್ ಆದ ಗಂಡಸರಿಗೆ ಪ್ರತಿ ತಿಂಗಳು ಫೋನ್ ಮಾಡಿ ಮನಸ್ಸಿನ ಒತ್ತಡದ ಬಗ್ಗೆ 20 ಪ್ರಶ್ನೆ ಕೇಳೋದು, ಒತ್ತಡ ಜಾಸ್ತಿ ಕಂಡರೆ ನರ್ಸ್ ಮನೆಗೇ ಹೋಗೋದು. 1985ರಲ್ಲಿ ಬಂದ ಫಲಿತಾಂಶ ಚೆನ್ನಾಗಿತ್ತು, ಹೃದಯದಿಂದ ಆಗುವ ಸಾವು ಕಡಿಮೆಯಾಗಿತ್ತು. ಸರಿ, ದೊಡ್ಡದಾಗಿ ಮಾಡೋಣ ಅಂತ 1,376 ಜನರನ್ನು, ಈ ಸಲ ಹೆಂಗಸರನ್ನೂ ಸೇರಿಸಿಕೊಂಡು ಮಾಡಿದರು. 1997ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಏನೂ ಲಾಭ ಇಲ್ಲ. ಅಷ್ಟೇ ಅಲ್ಲ, ನರ್ಸ್ ಭೇಟಿಯ ಗುಂಪಿನಲ್ಲಿದ್ದ ಹೆಂಗಸರಲ್ಲಿ ಸಾವು, ಮಾಮೂಲಿ ಆರೈಕೆ ಮಾತ್ರ ಸಿಕ್ಕ ಇನ್ನೊಂದು ಗುಂಪಿನ ಹೆಂಗಸರಿಗಿಂತ ಜಾಸ್ತಿಯೇ ಕಂಡಿತು. ಅದು ಆಕಸ್ಮಿಕ ಅಲ್ಲ ಅಂತ ಖಡಾಖಂಡಿತ ಹೇಳುವಷ್ಟು ದೊಡ್ಡ ವ್ಯತ್ಯಾಸ ಅಲ್ಲ, ಆದರೂ ಓದಿದಾಗ ನನಗೆ ಎದೆ ಧಸಕ್ಕೆಂದಿತ್ತು. ಪ್ರೀತಿಯಿಂದ ವಿಚಾರಿಸಿದರೆ ಒಳ್ಳೇದೇ ಆಗುತ್ತೆ ಅಂತ ನಾವು ನರ್ಸ್‌ಗಳು ಸುಮ್ನೆ ನಂಬಿಕೊಂಡಿರ್ತೀವಿ ನೋಡಿ.

ಆಮೇಲೆ 2001ರಲ್ಲಿ ಸಿಲ್ವಿ ಕೊಸೆಟ್, ಅವರೂ ನರ್ಸಿಂಗ್‌ನವರೇ, ಅದೇ ಮಾಹಿತಿಯನ್ನು ಇನ್ನೊಮ್ಮೆ ಜಾಲಾಡಿದರು. ಮೊದಲ ಎರಡು ಭೇಟಿಯಲ್ಲೇ ಯಾರ ಒತ್ತಡ ಇಳಿದಿತ್ತೋ ಅವರು ಮುಂದೆ ಚೆನ್ನಾಗಿದ್ದರು. ಅಂದರೆ ಭೇಟಿ ಮಾಡಿದ್ದು ಲೆಕ್ಕಕ್ಕಿಲ್ಲ, ಭೇಟಿಯಿಂದ ಆ ವ್ಯಕ್ತಿಗೆ ಹಗುರವಾಯಿತೇ ಇಲ್ಲವೇ ಅನ್ನೋದು ಲೆಕ್ಕ. ಎಂಎಸ್ಸಿಗೆ ನೀವು ಚಿಕಿತ್ಸೆ ಕೊಡಲು ಹೋಗಬೇಡಿ. ಆರು ವಾರ, ಮೂರು ತಿಂಗಳು, ಎರಡು ಸಲ ಹೋಗಿ ಹೇಗಿದ್ದಾರೆ ಅಂತ ನೋಡಿ ಬನ್ನಿ, ಸಾಕು. ಯಾರಾದರೂ ತೀರಾ ಕುಗ್ಗಿದ್ದು ಕಂಡರೆ ಯಾರ ಹತ್ತಿರ ಕಳಿಸ್ತೀರಿ ಅಂತ ಮೊದಲೇ ಬರೆದಿಡಿ, ಎಥಿಕ್ಸ್ ಕಮಿಟಿಯವರು ಅದನ್ನು ಕೇಳದೆ ಬಿಡಲ್ಲ.

ರಿಟೈರ್ಡ್_ಕಂಡಕ್ಟರ್:
ನಾನು ನರ್ಸೂ ಅಲ್ಲ ಡಾಕ್ಟರೂ ಅಲ್ಲ, ಬೈಪಾಸ್ ಆದವನು. ಎರಡು ವರ್ಷ ಆಯ್ತು. ಮಗಳು ಈ ಪುಟ ತೋರಿಸಿದಳು, ಓದಿ ಸುಮ್ಮನಿರಲು ಆಗಲಿಲ್ಲ.

ಎಲ್ಲರೂ ಎದೆ ನೋವು ಕೇಳ್ತಾರೆ. ನನಗೆ ಎದೆಗಿಂತ ಕಾಲೇ ಜಾಸ್ತಿ ನೋಯ್ತಿತ್ತು, ರಕ್ತನಾಳ ತೆಗೆದಿದ್ದು ಅಲ್ಲಿಂದ ಅಲ್ವಾ, ಪಾದ ಊದಿ ಚಪ್ಪಲಿ ಹಿಡಿಸ್ತಿರಲಿಲ್ಲ. ಸೀನು ಬಂದರೆ ಜೀವ ಬಾಯಿಗೆ ಬರ್ತಿತ್ತು. ಇದೆಲ್ಲ ಹೋಗಲಿ. ಯಾರಿಗೂ ಹೇಳದ ವಿಷಯ ಅಂದರೆ ಭಯ. ರಾತ್ರಿ ಎಡಗಡೆ ಮಲಗಿದರೆ ಹೃದಯ ಬಡಿಯೋದು ದಿಂಬಿನೊಳಗೇ ಕೇಳಿಸೋದು, ಅದು ನಿಂತುಹೋದರೆ ಅಂತ ಎಣಿಸ್ತಾ ಕೂರ್ತಿದ್ದೆ. ಮೂರು ತಿಂಗಳು ಬಚ್ಚಲಮನೆಗೆ ಚಿಲಕ ಹಾಕಲಿಲ್ಲ. ಒಳಗೆ ಬಿದ್ದರೆ ಬಾಗಿಲು ಒಡೆಯೋರು ಯಾರು ಅಂತ. ಹೆಂಡತಿ ಹೊರಗೆ ಮಣೆ ಹಾಕಿಕೊಂಡು ಸೊಪ್ಪು ಬಿಡಿಸ್ತಾ ಕೂರೋಳು, ಚೊಂಬಿನ ಸದ್ದು ನಿಂತರೆ "ಏನ್ರೀ" ಅನ್ನೋಳು.

ಆಸ್ಪತ್ರೆಯಿಂದ ಒಂದು ಸಲ ಫೋನ್ ಬಂದಿತ್ತು. "ಹೇಗಿದ್ದೀರಿ ಸರ್?" "ಆರಾಮಾಗಿದ್ದೀನಿ." ಇಟ್ಟರು. ಇನ್ನೇನು ಹೇಳಲಿ ಹೇಳಿ. 30 ವರ್ಷ ಬಸ್ಸಲ್ಲಿ ನಿಂತು ಕೂಗಿದವನು, ಹೆದರಿಕೆ ಆಗ್ತಿದೆ ಅಂತ ಗುರುತಿಲ್ಲದ ಹುಡುಗಿಗೆ ಫೋನಲ್ಲಿ ಹೇಳ್ತೀನಾ?

ಫೀಲ್ಡ್‌ವರ್ಕ್_ಪ್ರಿಯೆ:
ಕಂಡಕ್ಟರ್ ಅಂಕಲ್ ಹೇಳಿದ್ದು ನೂರಕ್ಕೆ ನೂರು. ಸ್ಕೇಲ್ ಬಗ್ಗೆ ನಾನು ಹೇಳ್ತೇನೆ, ಕೈ ಸುಟ್ಟುಕೊಂಡಿದ್ದೇನೆ.

ನಾನು ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯುವ ಪ್ರಶ್ನಾವಳಿ ತಗೊಂಡಿದ್ದೆ. ಒಂಬತ್ತೇ ಪ್ರಶ್ನೆ, ಬೇಗ ಮುಗಿಯುತ್ತೆ. ಆದರೆ ಅದರಲ್ಲಿ ನಿದ್ದೆ ಹೇಗಿದೆ, ಸುಸ್ತು ಇದೆಯಾ, ಹಸಿವು ಹೇಗಿದೆ ಅಂತೆಲ್ಲ ಇದೆ. ಎದೆ ಕೊಯ್ದು ಹೊಲಿದ ಮೂರನೇ ವಾರಕ್ಕೆ ಯಾರಿಗೆ ನಿದ್ದೆ ಬರುತ್ತೆ? ಅಂಕ ಸುಮ್ನೆ ಏರಿ ಕೂತಿತ್ತು. 1983ರಲ್ಲಿ ಮಾಡಿದ ಎಚ್‌ಎಡಿಎಸ್ ಅಂತ ಆತಂಕ, ಖಿನ್ನತೆ ಎರಡನ್ನೂ ಅಳೆಯುವ 14 ಪ್ರಶ್ನೆಯದ್ದು ಇದೆ, ದೇಹದ ಲಕ್ಷಣಗಳನ್ನು ಬೇಕಂತಲೇ ಬಿಟ್ಟು ಮಾಡಿದ್ದು. ಆಸ್ಪತ್ರೆ ರೋಗಿಗಳಿಗೆ ಅದು ಹೊಂದುತ್ತೆ. ಬಳಸಲು ಅನುಮತಿ ತಗೋಬೇಕು, ಮರೀಬೇಡಿ.

ಇನ್ನು ಭಾಷೆ. ನನ್ನ ಅನುವಾದದಲ್ಲಿ "ಖಿನ್ನತೆ" ಅಂತಿತ್ತು, ಒಬ್ಬ ಅಜ್ಜ "ಅದ್ಯಾವ ಮಾತ್ರೆ ಮಗಾ?" ಅಂದರು. ಸರಿ ಅಂತ ಆಡುಮಾತಿಗೆ ತಂದು "ಎದೆ ಭಾರ ಅನಿಸುತ್ತಾ?" ಅಂತ ಕೇಳಿದೆ. ಎಂಥ ಪೆದ್ದು ಕೆಲಸ! ಬೇಜಾರಾದವರೂ ಎದೆ ಭಾರ ಅಂತಾರೆ, ಹೃದಯದ ನೋವು ಬಂದವರೂ ಎದೆ ಭಾರ ಅಂತಾರೆ. ಒಬ್ಬರು ಹೌದು ಅಂದದ್ದನ್ನು ನಾನು ಬೇಜಾರು ಅಂತ ಟಿಕ್ ಹಾಕಿಕೊಂಡೆ, ಪುಣ್ಯಕ್ಕೆ ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ "ನಡೆದಾಗ ಬರುತ್ತಾ, ಕೂತಾಗ ಬರುತ್ತಾ?" ಅಂತ ಕೇಳಿ ಇಸಿಜಿಗೆ ಕಳಿಸಿದರು. ನಿಮ್ಮ ಕಡೆ "ಜೀವಕ್ಕ ಸಮಾಧಾನ ಇಲ್ಲ" ಅಂತಾರಲ್ಲ, ಅಂಥದ್ದು ಹುಡುಕಿ. ಬರೆದ ಮೇಲೆ ಹತ್ತು ಜನ ರೋಗಿಗಳ ಹತ್ತಿರ ಓದಿಸಿ, ಏನು ಅರ್ಥ ಆಯ್ತು ಅಂತ ಅವರ ಬಾಯಲ್ಲೇ ಕೇಳಿ.

ಇನ್ನೊಂದು, ಪ್ರಶ್ನೆ ಕೇಳುವಾಗ ರೋಗಿಯ ಮಗನನ್ನು ಹೊರಗೆ ಕೂರಿಸಿ. ಇಲ್ಲದಿದ್ದರೆ ಎಲ್ಲ ಉತ್ತರ ಅವನೇ ಕೊಡ್ತಾನೆ.

ಅಂಕಿಅಂಶ_ಮಾಮ:
ಎರಡೇ ಮಾತು. ಚಿಕಿತ್ಸೆ, ತರಬೇತಿ ಏನಾದರೂ ಕೊಡುವುದಿದ್ದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ (ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ನಮ್ಮ ದೇಶದ ನೋಂದಣಿ ಪಟ್ಟಿ) ನೋಂದಾಯಿಸಿ. ಮತ್ತೆ, ಮೂರು ತಿಂಗಳಿಗೆ ಎಷ್ಟೋ ಜನ ಕೈಗೆ ಸಿಗಲ್ಲ, 60 ಬೇಕಿದ್ದರೆ 60 ಮಾತ್ರ ಸೇರಿಸಬೇಡಿ.

ಗೈಡ್‌ಗೆ ತೋರಿಸಲು ಒಂದು ಉದಾಹರಣೆ: ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ನಡೆದ ಯೋಗ-ಕೇರ್ ಅಧ್ಯಯನ, 2020ರಲ್ಲಿ ಬಂತು. ಹಾರ್ಟ್ ಅಟ್ಯಾಕ್ ಆದ 3,959 ಜನ. ಯೋಗ ಮಾಡಿದವರಲ್ಲಿ ಸಾವು, ಮತ್ತೆ ಅಟ್ಯಾಕ್ ಇವು ಕಡಿಮೆಯಾದವು ಅಂತ ಖಚಿತವಾಗಿ ತೋರಿಸಲು ಆಗಲಿಲ್ಲ. ಆದರೆ ಆರೋಗ್ಯ ಹೇಗಿದೆ ಅಂತ ಅವರೇ ಕೊಟ್ಟುಕೊಂಡ ಅಂಕ, ಹಳೆಯ ಕೆಲಸಕಾರ್ಯಕ್ಕೆ ಮರಳಿದ್ದು, ಇವೆರಡೂ ಚೆನ್ನಾಗಿದ್ದವು. ಅಂಥದ್ದನ್ನೂ ದೊಡ್ಡವರು ಅಳೆಯುತ್ತಾರೆ ಅಂತ ತೋರಿಸಿ.

ನೈಟ್‌ಡ್ಯೂಟಿ_ಹಾವೇರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹತ್ತಿರ ಇವತ್ತು ಮಾತಾಡಿದೆ. ಟೀಚಿಂಗ್ ಪ್ರೋಗ್ರಾಂ ಬಿಡೋಕೆ ಒಪ್ಪಿದರು, ಆದರೆ ಆರು ವಾರಕ್ಕೊಂದು ಭೇಟಿ ಮಾತ್ರ, ಮೂರು ತಿಂಗಳು ಬೇಡ ಅಂದರು. ಮನೆ ಭೇಟಿಯ ಬಸ್ ಚಾರ್ಜ್ ನನ್ನದೇ! ಎಚ್‌ಎಡಿಎಸ್ ಜೊತೆಗೆ ಮನೆಕೆಲಸದ ಬಗ್ಗೆ ನನ್ನದೇ ಕೆಲವು ಪ್ರಶ್ನೆ ಹಾಕ್ತಿದ್ದೇನೆ, ನೀರು ಯಾರು ಹಿಡೀತಾರೆ ಅನ್ನೋದು ಮೊದಲನೆಯದು.

ಕಂಡಕ್ಟರ್ ಅಂಕಲ್, "ಸ್ನಾನಕ್ಕೆ ಹೋದಾಗ ಚಿಲಕ ಹಾಕಿಕೊಳ್ಳುತ್ತೀರಾ?" ಅಂತ ಒಂದು ಪ್ರಶ್ನೆ ಸೇರಿಸಲಾ?

ರಿಟೈರ್ಡ್_ಕಂಡಕ್ಟರ್:
ಸೇರಿಸಮ್ಮ. ಆದರೆ ಗಂಡಸರನ್ನು ಕೇಳಿದರೆ ಹಾಕ್ತೀನಿ ಅಂತಲೇ ಅಂತಾರೆ. ಅವರ ಮನೆಯವರನ್ನು ಬೇರೆಯಾಗಿ ಕೇಳು.